ನಾನೇ ಕೊಂಡು ತಂದ ರಾಖಿ

ಮಾನ್ಯ ವಲಯ ವ್ಯವಸ್ಥಾಪಕರೇ,

ಆಗಸ್ಟ್ ಒಂಬತ್ತರ ನಿಮ್ಮ ಸುತ್ತೋಲೆ ನಮ್ಮ ಬರೋಡಾ ಕಚೇರಿಯನ್ನು ತಲುಪಿದೆ. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗಾಗುವ ಲೈಂಗಿಕ ಕಿರುಕುಳವನ್ನು ವಿಚಾರಿಸಲು ಅಹಮದಾಬಾದಿನ ವಲಯ ಕಚೇರಿಯಲ್ಲಿ ಖಾಯಂ ದೂರು ಸಮಿತಿಯೊಂದನ್ನು ರಚಿಸಿದ್ದೀರಿ. ಸಂತೋಷ. ಅದರ ಸದಸ್ಯ ಕಾರ್ಯದರ್ಶಿಯಾಗಿ, ಅಂದರೆ ಬಂದ ದೂರಿನ ಲಕೋಟೆಯನ್ನು ಮೊದಲು ಒಡೆದು ಓದುವವರಾಗಿ, ನಿಮ್ಮ ಸಿಬ್ಬಂದಿ ವಿಭಾಗದ ಹೊಸ ಮ್ಯಾನೇಜರನ್ನು ನೇಮಿಸಿದ್ದೀರಿ. ಈ ಮ್ಯಾನೇಜರು ಕಳೆದ ಮೇ ತಿಂಗಳವರೆಗೆ ನಮ್ಮಲ್ಲಿ ಆಡಳಿತಾಧಿಕಾರಿಯಾಗಿದ್ದವರು. ಅವರು ತನ್ನ ಮೈ ಮುಟ್ಟಿದರೆಂದು ಇಪ್ಪತ್ಮೂರು ವರ್ಷದ ಹುಡುಗಿಯೊಬ್ಬಳು ಕೊಟ್ಟ ದೂರನ್ನು 'ಸಾಬೀತಾಗಿಲ್ಲ' ಎಂದು ಮುಚ್ಚಿದ ಆದೇಶದ ಕೆಳಗಿರುವುದು ನಿಮ್ಮದೇ ಸಹಿ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು ಎಂದು ನಮ್ಮ ಕಡೆ ಕೇಳುತ್ತಾರೆ. ನೀವು ಮೇಯ್ದ ಬೇಲಿಗೆ ಬಣ್ಣ ಬಳಿದು, ಬಡ್ತಿ ಕೊಟ್ಟು, ಇನ್ನೂ ದೊಡ್ಡ ಹೊಲದ ಸುತ್ತ ನಿಲ್ಲಿಸಿದ್ದೀರಿ.

ನಿಮಗೆ ಕನ್ನಡ ಬಾರದೆಂದು ನನಗೆ ಗೊತ್ತು. ಗೊತ್ತಿದ್ದೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಏಕೆಂದರೆ ಆ ಮನುಷ್ಯರು ಆ ಹುಡುಗಿಗೆ ಆಡಿದ ಮಾತೆಲ್ಲ ಕನ್ನಡದಲ್ಲೇ ಇತ್ತು. ನಲವತ್ತು ಜನ ಕೂತ ಹಾಲಿನಲ್ಲಿ, ಹಾಡಹಗಲೇ, ನಗುನಗುತ್ತಾ ಆಡಿದರು. ನಿಮ್ಮ ವಿಚಾರಣಾ ಸಮಿತಿ 'ಸಹೋದ್ಯೋಗಿಗಳಾರೂ ಆಕ್ಷೇಪಾರ್ಹ ಮಾತು ಕೇಳಿಲ್ಲ' ಎಂದು ಬರೆದು ಕೈ ತೊಳೆದುಕೊಂಡಿತು. ಕೇಳಿದ್ದರು ಸ್ವಾಮಿ, ಅರ್ಥವಾಗಿರಲಿಲ್ಲ ಅಷ್ಟೆ. ಈಗ ಈ ಪತ್ರ ಓದಿಸಲು ನೀವು ಒಬ್ಬ ಕನ್ನಡಿಗರನ್ನು ಹುಡುಕಬೇಕಾಗುತ್ತದೆ. ಅಹಮದಾಬಾದಿನಲ್ಲಿ ಅವರಿಗೇನೂ ಬರವಿಲ್ಲ. ಬ್ಯಾಂಕುಗಳಲ್ಲಿದ್ದಾರೆ, ರೈಲ್ವೆಯಲ್ಲಿದ್ದಾರೆ, ಬಾಹ್ಯಾಕಾಶ ಕೇಂದ್ರದಲ್ಲಿ ಉಪಗ್ರಹ ಮಾಡುವವರಿದ್ದಾರೆ. ವಿಚಾರಣೆಯ ದಿನ ಸಿಗದಿದ್ದ ಅನುವಾದಕರು ನಿಮ್ಮ ಸ್ವಂತ ಕೆಲಸಕ್ಕಾದರೂ ಸಿಕ್ಕಾರು. ಇದರ ಒಂದು ಪ್ರತಿಯನ್ನು ನಮ್ಮ ನಾಡಿನ ಪತ್ರಿಕೆಗೂ ಕಳಿಸಿದ್ದೇನೆ. ನೌಕರರು ಅನುಮತಿಯಿಲ್ಲದೆ ಪತ್ರಿಕೆಗೆ ಬರೆಯಕೂಡದೆಂಬ ನಿಯಮ ನನಗೆ ಬಾಯಿಪಾಠ. ದಯವಿಟ್ಟು ಶಿಸ್ತುಕ್ರಮ ಕೈಗೊಳ್ಳಿ. ನಿಮ್ಮಲ್ಲಿ ಬೇಗ ಮುಗಿಯುವ ಕೆಲಸ ಅದೊಂದೇ.

ನಾನು ಕಮಲಾಕ್ಷಿ, ಚಿತ್ರದುರ್ಗದವಳು. ರೈಲ್ವೆ ಗುಮಾಸ್ತರ ಹೆಂಡತಿಯಾಗಿ ಸೂರತ್ತಿಗೆ ಬಂದು, ಅಲ್ಲೇ ನಮ್ಮ ವಿಮಾ ಸಂಸ್ಥೆಯಲ್ಲಿ ಟೈಪಿಸ್ಟಾಗಿ ಸೇರಿದೆ. ಬರೋಡಾಕ್ಕೆ ವರ್ಗವಾಗಿ ಹದಿನೇಳು ವರ್ಷವಾಯಿತು. ಈಗ ಹೆಡ್ ಕ್ಲರ್ಕು, ನಿವೃತ್ತಿಗೆ ಎರಡು ವರ್ಷ. ನನ್ನ ಎದುರಿನ ಮೇಜಿನಲ್ಲಿ ಹನ್ನೆರಡು ವರ್ಷ ಕೂತಿದ್ದವರು ಪದ್ಮನಾಭ. ಮಧ್ಯಾಹ್ನದ ಡಬ್ಬಿಯಲ್ಲಿ ಅವರ ಮನೆಯ ಹುಳಿ, ನಮ್ಮನೆಯ ಪಲ್ಯ ಅದಲುಬದಲಾಗುತ್ತಿದ್ದವು. ತೊಂಬತ್ತೇಳರ ಜನವರಿಯಲ್ಲಿ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಅವರ ಹೆಂಡತಿ ಜಯಂತಿ ಮನೆ ಬಿಟ್ಟು ಹೊರಗೆ ಹೋಗಿ ಗೊತ್ತಿಲ್ಲದವಳು. ಅನುಕಂಪದ ಆಧಾರದ ಮೇಲೆ ಮಗಳು ಕೃಪಾಳಿಗೆ ಕೆಲಸ ಸಿಕ್ಕಿತು. ಆ ಅರ್ಜಿಗಾಗಿ ಓಡಾಡಿದವಳು ನಾನೇ. ತೊಂಬತ್ತೇಳರ ಅಕ್ಟೋಬರಿನಲ್ಲಿ ಆ ಹುಡುಗಿ ಅಪ್ಪನ ಕುರ್ಚಿಯಲ್ಲೇ ಬಂದು ಕೂತಾಗ, ಸತ್ಯ ಹೇಳುತ್ತೇನೆ, ನನಗೆ ಅಳು ಬಂತು.

ಕೃಪಾ ಬರೋಡಾದಲ್ಲೇ ಹುಟ್ಟಿ ಗುಜರಾತಿ ಶಾಲೆಯಲ್ಲಿ ಓದಿದವಳು. ಅವಳಿಗೆ ಬರುವುದು ಅಡುಗೆಮನೆ ಕನ್ನಡ. ಅನ್ನ ಹಾಕು, ಬಾಗಿಲು ಹಾಕು, ಅಜ್ಜಿಗೆ ಫೋನ್ ಕೊಡು, ಅಷ್ಟೇ. ಈ ಸಂಗತಿ ನಿಮ್ಮ ವರದಿಯ ಹದಿನೆಂಟು ಪುಟಗಳಲ್ಲಿ ಎಲ್ಲೂ ಇಲ್ಲ. ಆದರೆ ಎಲ್ಲ ಶುರುವಾದದ್ದು ಇಲ್ಲಿಂದಲೇ.

ಅದೇ ಡಿಸೆಂಬರಿನಲ್ಲಿ ಹೊಸ ಆಡಳಿತಾಧಿಕಾರಿಗಳು ಬಂದರು. ಅವರ ಹೆಸರು ಬರೆಯುವುದಿಲ್ಲ, ಸಾಹೇಬರು ಎನ್ನುತ್ತೇನೆ. ಕನ್ನಡದವರು ಎಂದು ಬರೋಡಾದ ಕನ್ನಡಿಗರಿಗೆಲ್ಲ ಹಿಗ್ಗೋ ಹಿಗ್ಗು. ಆರು ತಿಂಗಳು ತುಂಬುವುದರೊಳಗೆ ನಮ್ಮ ಕನ್ನಡ ಸಂಘದವರು ಅವರನ್ನು ಅಧ್ಯಕ್ಷರನ್ನಾಗಿ ಮಾಡಿದರು. ಯುಗಾದಿಗೆ ಅವರ ಮನೆಗೆ ಹೋಗಿ ಹೋಳಿಗೆ ತಿಂದು ಬಂದವರಲ್ಲಿ ನಾನೂ ಒಬ್ಬಳು. ಕಚೇರಿಯಲ್ಲಿ ಗುಜರಾತಿಗಳೊಡನೆ ಹಿಂದಿ, ಮೇಲಿನವರೊಡನೆ ಇಂಗ್ಲಿಷು, ಕೃಪಾಳ ಮೇಜಿನ ಹತ್ತಿರ ಬಂದರೆ ಮಾತ್ರ ಕನ್ನಡ. "ಇವತ್ತು ಈ ಬಣ್ಣ ಹಾಕ್ಕೊಂಡ್ ಬಂದಿದೀಯಲ್ಲ, ನಾನು ಕೆಲಸ ಹೆಂಗ್ ಮಾಡ್ಲಿ ಹೇಳು" ಎನ್ನುವರು. "ಚೆನ್ನಾಗಿ ಮಾಗಿದೀಯ ಕಣೇ, ಯಾವನ ಪಾಲಿಗಿದೆಯೋ" ಎನ್ನುವರು. ಮುಖದ ಮೇಲೆ ಮಾತ್ರ, ಮನೆ ಮಗಳ ಯೋಗಕ್ಷೇಮ ಕೇಳುವವರ ನಗು. ಸುತ್ತ ಕೂತವರಿಗೆ ಅದು ಊರಿನವರಿಬ್ಬರ ಪ್ರೀತಿಯ ಮಾತು. ಹುಡುಗಿಗೆ ಅರ್ಧ ತಿಳಿಯದು, ಹಿರಿಯರು ನಗುತ್ತಿದ್ದಾರೆಂದು ಅವಳೂ ನಗುವಳು. ಆ ನಗುವನ್ನು ಮುಂದೆ ಮೂವರು ಸಾಕ್ಷಿಗಳು ಹೇಳಿಕೆಯಲ್ಲಿ ಬರೆಸಿದ್ದಾರೆ. ಇಡೀ ಹಾಲಿನಲ್ಲಿ ಆ ಮಾತುಗಳ ಅರ್ಥ ತಿಳಿದಿದ್ದವಳು ನಾನೊಬ್ಬಳೇ. ನಾನು ಲೆಡ್ಜರಿನೊಳಗೆ ಮುಖ ಹುದುಗಿಸಿಕೊಂಡು ಕೂತಿರುತ್ತಿದ್ದೆ.

ಒಂದು ದಿನ ಅವಳು ಚಹಾದ ಹೊತ್ತಿಗೆ ನನ್ನ ಹತ್ತಿರ ಬಂದು, "ಆಂಟಿ, ಮಾಗಿದೀಯ ಎಟಲೇ ಶುಂ?" ಎಂದಳು. ಹಾಗೆಂದರೇನು ಎಂದು ಕೇಳಿದ್ದು.

"ದೊಡ್ಡವಳಾಗಿದೀಯ ಅಂತ, ಅಷ್ಟೇ ಪುಟ್ಟಿ," ಎಂದೆ.

"ಓ, ಹಾಗಾ," ಎಂದು ರಕಾಬಿಯಲ್ಲಿ ಚಹಾ ಸುರಿದುಕೊಂಡು ಕುಡಿದು ಹೋದಳು. ಸ್ವಾಮಿ, ಮೂವತ್ತು ವರ್ಷದ ನೌಕರಿಯಲ್ಲಿ ನಾನು ಮಾಡಿದ ಅನುವಾದ ಅದೊಂದೇ. ಅದರಲ್ಲೂ ಸುಳ್ಳು ಹೇಳಿದೆ. ಯಾಕೆ ಹೇಳಿದೆ ಎಂದು ನೀವು ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಗೌಪ್ಯ ವರದಿ ಬರೆಯುವ ಪೆನ್ನು ಅವರ ಜೇಬಿನಲ್ಲಿತ್ತು. ಅದಕ್ಕಿಂತ ಹೆಚ್ಚಾಗಿ, ಅವರು ನಮ್ಮವರು. ಪರ ಊರಿನಲ್ಲಿ ನಮ್ಮವರ ಮಾನ ನಾವೇ ಕಳೆಯುವುದು ಹೇಗೆ ಎಂದುಕೊಂಡೆ. ಪದ್ಮನಾಭರ ಮಗಳೂ ನಮ್ಮವಳೇ ಎಂಬುದು ಆಗ ಹೊಳೆಯಲಿಲ್ಲ.

ತೊಂಬತ್ತೆಂಟರ ಜುಲೈ ತಿಂಗಳಲ್ಲಿ ಸಾಹೇಬರು ಅವಳನ್ನು ರೆಕಾರ್ಡ್ ರೂಮಿಗೆ ಕಳಿಸತೊಡಗಿದರು. ಹಳೆಯ ಪಾಲಿಸಿ ಕಡತಗಳನ್ನು ಪೇರಿಸಿಟ್ಟ ಕತ್ತಲೆ ಕೋಣೆ ಅದು. ಅಲ್ಲಿ ಏನು ಮುಟ್ಟಿದರೂ ಕೈಗೆ ಕೆಂಧೂಳು ಮೆತ್ತಿಕೊಳ್ಳುತ್ತದೆ. ಒಂದು ಬುಧವಾರ ಊಟದ ಹೊತ್ತಿಗೆ ಮೊದಲು ಅವಳು ಹೋದಳು. ಹಿಂದೆಯೇ ಅವರು ಹೋದರು. ಹತ್ತು ನಿಮಿಷದ ಮೇಲೆ ಅವರು ಕರವಸ್ತ್ರದಿಂದ ಕೈ ಒರೆಸಿಕೊಳ್ಳುತ್ತಾ ಬಂದರು. ಆಮೇಲೆ ಅವಳು ಬಂದಳು. ಬಿಳಿ ಕುರ್ತಾ ಹಾಕಿದ್ದಳು. ಬೆನ್ನ ಮೇಲೆ, ಸೊಂಟಕ್ಕಿಂತ ಸ್ವಲ್ಪ ಮೇಲೆ, ಐದು ಬೆರಳೂ ಎಣಿಸುವಷ್ಟು ಸ್ಪಷ್ಟವಾಗಿ ಅಂಗೈಯ ಗುರುತು ಮೂಡಿತ್ತು. ನಾನು ಎದ್ದೆ. ಎದ್ದು ಏನು ಮಾಡಿದೆ ಗೊತ್ತೇ? ಸೆರಗಿನಿಂದ ಅವಳ ಬೆನ್ನು ಕೊಡವಿದೆ. ಯಾರಾದರೂ ನೋಡಿಯಾರು ಎಂದು ಎರಡೆರಡು ಸಲ ಕೊಡವಿದೆ. 'ಭೌತಿಕ ಸಾಕ್ಷ್ಯವಿಲ್ಲ' ಎಂದು ನಿಮ್ಮ ವರದಿಯ ಏಳನೇ ಪುಟದಲ್ಲಿದೆ. ಇತ್ತು. ಅದನ್ನು ಕೊಡವಿ ಹಾಕಿದವಳು ನಾನು.

ಆ ಸಂಜೆ ಕಚೇರಿಯ ಹಿಂದಿನ ಸೈಕಲ್ ಸ್ಟ್ಯಾಂಡಿನ ಹತ್ತಿರ ಎಲ್ಲ ಹೇಳಿಕೊಂಡಳು. ಕನ್ಫರ್ಮೇಶನ್ ಫೈಲು ತಮ್ಮ ಡ್ರಾಯರಿನಲ್ಲಿದೆ, ಅಕ್ಟೋಬರ್ ಬಹಳ ದೂರವೇನಿಲ್ಲ ಎಂದು ಅವರು ಹೇಳಿದ್ದರಂತೆ. ಅನುಕಂಪದ ನೌಕರಿ, ಪ್ರೊಬೇಷನ್ ಮುಗಿದಿಲ್ಲ, ಮನೆಗೆ ಅದೇ ಆಧಾರ. "ಮಮ್ಮಿಗೆ ಹೇಳಬೇಡಿ ಆಂಟಿ, ಪಪ್ಪಾ ಹೋದ್ಮೇಲೆ ಈಗ್ಲೇ ಸ್ವಲ್ಪ ನಗ್ತಿದಾಳೆ," ಎಂದಳು. ದೂರು ಕೊಡಬೇಕಾದ ಜಾಗದಲ್ಲಿ ಅವರೇ ಕೂತಿದ್ದಾರಲ್ಲ, ಯಾರಿಗೆ ಕೊಡುವುದು? ಆಗ ಈ ಹಿರಿಯ ತಲೆಗೆ ಒಂದು ಉಪಾಯ ಹೊಳೆಯಿತು.

ಅದಕ್ಕೊಂದು ಹಿನ್ನೆಲೆಯಿದೆ. ಎಪ್ಪತ್ತನಾಲ್ಕರಲ್ಲಿ ಸೂರತ್ತಿನಲ್ಲಿ ನನ್ನ ಪಕ್ಕದ ಮೇಜಿನ ಗುಮಾಸ್ತನೊಬ್ಬ ಫೈಲು ಕೊಡುವ ನೆಪದಲ್ಲಿ ಬೆರಳು ಮುಟ್ಟುತ್ತಿದ್ದ. ಬಸ್ ಸ್ಟಾಪಿನವರೆಗೆ ಹಿಂದೆ ಬರುತ್ತಿದ್ದ. ನಾವು ಬೆನ್, ಅಂದರೆ ಅಕ್ಕ, ಎಂದು ಕರೆಯುತ್ತಿದ್ದ ಹಿರಿಯ ಗುಜರಾತಿ ಹೆಂಗಸೊಬ್ಬರು, "ಹುಣ್ಣಿಮೆಗೆ ಒಂದು ರಾಖಿ ಕಟ್ಟಿಬಿಡು, ಕೆಲಸ ಆಯ್ತು" ಎಂದರು. ಕಟ್ಟಿದೆ. ಅವನ ಮುಖ ಸಪ್ಪೆಯಾಯಿತು. ಆಮೇಲೆ ನಿಜಕ್ಕೂ ಅಣ್ಣನಾದ, ನನ್ನ ಮಗನ ನಾಮಕರಣಕ್ಕೆ ಬೆಳ್ಳಿ ಬಟ್ಟಲು ತಂದ. ನಮ್ಮ ಕಡೆ ರಾಖಿ ಇಲ್ಲ. ನಾಗರ ಪಂಚಮಿಗೆ ಅಣ್ಣತಮ್ಮಂದಿರ ಬೆನ್ನಿಗೆ ಹಾಲು ಹಚ್ಚುವುದೇ ನಮಗೆ ಗೊತ್ತಿದ್ದದ್ದು. ಹಾಗಾಗಿ ಈ ದಾರದಲ್ಲಿ ಏನೋ ದೊಡ್ಡ ಶಕ್ತಿಯಿದೆ ಎಂದು ನಂಬಿಬಿಟ್ಟೆ. ಆ ಗುಮಾಸ್ತ ನನ್ನ ಸರೀಕನಾಗಿದ್ದ, ಅವನ ಕೈಯಲ್ಲಿ ನನ್ನ ಅನ್ನ ಇರಲಿಲ್ಲ ಎಂಬುದು ಇಪ್ಪತ್ತನಾಲ್ಕು ವರ್ಷವಾದರೂ ತಲೆಗೆ ಬಂದಿರಲಿಲ್ಲ.

ಕೃಪಾ ಒಪ್ಪಲಿಲ್ಲ. "ಆಂಟಿ, ನೀವು ಕರ್ನಾಟಕದವ್ರು, ನಿಮಗೆ ಗೊತ್ತಿಲ್ಲ. ರಾಖಡಿ ಪ್ರೇಮದಿಂದ ಕಟ್ಟೋದು. ಹೆದರಿಕೆಯಿಂದ ಯಾರೂ ಕಟ್ಟಲ್ಲ" ಎಂದಳು. ಹುಟ್ಟಿದಂದಿನಿಂದ ರಾಖಿ ನೋಡಿ ಬೆಳೆದ ಹುಡುಗಿ ಹೇಳುತ್ತಿದ್ದಾಳೆ, ರಾಖಿಯೇ ಇಲ್ಲದ ಊರಿನಿಂದ ಬಂದವಳು ಅವಳಿಗೆ ಪಾಠ ಮಾಡುತ್ತಿದ್ದೇನೆ! "ನನ್ನ ಮಾತು ಕೇಳು ಪುಟ್ಟಿ, ನಾಲ್ಕು ಜನರ ಎದುರು ತಂಗಿ ಅಂದ್ಮೇಲೆ ಯಾವ ಗಂಡಸೂ ತಪ್ಪು ಹೆಜ್ಜೆ ಇಡಲ್ಲ" ಎಂದು ಮೂರು ದಿನ ಕಾಡಿದೆ. ಕೊನೆಗೆ ನನ್ನ ಮೇಲಿನ ಗೌರವಕ್ಕೆ ಒಪ್ಪಿದಳು. ಮಾಂಡವಿ ಪೇಟೆಯ ಅಂಗಡಿಗೆ ಹೋಗಿ ರಾಖಿ ಕೊಂಡು ತಂದವಳೂ ನಾನೇ. ಕೆಂಪು ರೇಷ್ಮೆ ದಾರ, ನಡುವೆ ಹೊಳೆಯುವ ಬಿಲ್ಲೆ. ಸಾಧಾರಣದ್ದು ಕಟ್ಟಿದರೆ ಸಾಹೇಬರಿಗೆ ಬೇಸರವಾದೀತೆಂದು ದೊಡ್ಡದನ್ನೇ ಆರಿಸಿದೆ.

ಹಬ್ಬಕ್ಕೆ ರಜೆಯಾದ್ದರಿಂದ ನಮ್ಮ ಕಚೇರಿಯಲ್ಲಿ ಹಿಂದಿನ ದಿನವೇ ರಾಖಿ ಕಟ್ಟುವ ರೂಢಿ. ಮನರಂಜನಾ ಸಂಘದವರು ಪೇಡೆ ತರಿಸಿದ್ದರು, ಕ್ಯಾಮರಾ ತಂದಿದ್ದರು. ಕೃಪಾ ದಾರ ಕಟ್ಟಿದಳು. ಸಾಹೇಬರು ಒಂದು ಗಳಿಗೆ ನನ್ನ ಕಡೆ ನೋಡಿದರು. ಎಲ್ಲ ಅರ್ಥವಾಗಿತ್ತು ಅವರಿಗೆ. ಆಮೇಲೆ ಕೈ ಮೇಲೆತ್ತಿ ಎಲ್ಲರಿಗೂ ರಾಖಿ ತೋರಿಸಿ, "ಆಜ್‌ಥೀ ಕೃಪಾ ಮಾರೀ ಬೆನ್ ಛೇ!" ಎಂದು ಘೋಷಿಸಿದರು. ಇಂದಿನಿಂದ ಕೃಪಾ ನನ್ನ ತಂಗಿ. ಚಪ್ಪಾಳೆಯೋ ಚಪ್ಪಾಳೆ. ಅಣ್ಣನ ಉಡುಗೊರೆಯೆಂದು ತಮ್ಮ ಹೆಂಡತಿಗೆ ಕೊಂಡಿದ್ದ ಹೊಸ ವಾಚನ್ನು ಡ್ರಾಯರಿನಿಂದ ತೆಗೆದು ಎಲ್ಲರೆದುರಿಗೆ ಅವಳ ಕೈಗೆ ಕಟ್ಟಿದರು. 'ನಗು, ನಗು' ಎಂದು ಫೋಟೊದವನು ಹೇಳಿದ. ಅವಳು ನಕ್ಕಳು. ಆ ಫೋಟೊ ಎರಡು ವಾರ ನೋಟಿಸ್ ಬೋರ್ಡಿನಲ್ಲಿತ್ತು. ನನಗೆ ಆ ದಿನ ಎಷ್ಟು ನೆಮ್ಮದಿಯಾಯಿತೆಂದರೆ ಮನೆಗೆ ಹೋಗಿ ಪಾಯಸ ಮಾಡಿದೆ.

ಹಾವಿಗೆ ಹಾಲೆರೆದಂತಾಯಿತು. ಅದುವರೆಗೆ ಸಾಹೇಬರಿಗೆ ರೆಕಾರ್ಡ್ ರೂಮು ಬೇಕಾಗುತ್ತಿತ್ತು. ರಾಖಿಯ ನಂತರ ಅದೂ ಬೇಡವಾಯಿತು. ಎಲ್ಲರೆದುರಿಗೇ ಹೆಗಲ ಮೇಲೆ ಕೈ. ಎಲ್ಲರೆದುರಿಗೇ ಕೆನ್ನೆ ಚಿವುಟುವುದು. ಕೇಳುವವರಾರು? ಅಣ್ಣ ತಂಗಿಯ ಕೆನ್ನೆ ಚಿವುಟಿದರೆ ಯಾವ ಊರಿನಲ್ಲಿ ದೂರು ದಾಖಲಾಗುತ್ತದೆ? "ಈಗ ತಂಗಿ ಆಗ್ಬಿಟ್ಟೆಯಲ್ಲ, ಮನೆಗೆ ಬಂದ್ರೂ ಯಾರೂ ಏನೂ ಅನ್ನಲ್ಲ. ಹೆಂಡ್ತಿ ಊರಿಗೆ ಹೋಗಿದಾಳೆ, ಶನಿವಾರ ಬಾ" ಎಂದು ಕನ್ನಡದಲ್ಲಿ ಅವಳಿಗೆ ಹೇಳಿ, ಗುಜರಾತಿಗಳ ಕಡೆ ತಿರುಗಿ, ನನ್ನ ತಂಗಿಗೆ ನಮ್ಮ ಮನೆ ಊಟವೆಂದರೆ ಇಷ್ಟ ಎಂದು ಹಿಂದಿಯಲ್ಲಿ ಅನುವಾದಿಸಿದರು. ನಾನು ಅಲ್ಲೇ ಇದ್ದೆ. ಶನಿವಾರ ಅವಳು ಹೋಗಲಿಲ್ಲ. ಅಕ್ಟೋಬರಿನಲ್ಲಿ ಅವಳ ಪ್ರೊಬೇಷನ್ ಆರು ತಿಂಗಳು ಮುಂದಕ್ಕೆ ಹೋಯಿತು. ಕಾರಣದ ಕಾಲಮ್ಮಿನಲ್ಲಿ 'ಕೆಲಸದಲ್ಲಿ ಗಮನವಿಲ್ಲ' ಎಂದಿತ್ತು. ಅದು ನಿಜ ಸ್ವಾಮಿ. ಬೆನ್ನ ಹಿಂದೆ ಯಾರು ಬಂದು ನಿಂತಾರೆಂದು ದಿನವಿಡೀ ಕಿವಿ ನೆಟ್ಟು ಕೂತವಳಿಗೆ ಪ್ರೀಮಿಯಂ ಲೆಕ್ಕದಲ್ಲಿ ಗಮನ ಹೇಗಿದ್ದೀತು?

ಡಿಸೆಂಬರಿನಲ್ಲಿ ಅವಳು ನನ್ನನ್ನು ಕೇಳದೆಯೇ ನಿಮಗೆ ದೂರು ಬರೆದಳು. ಕೇಳಿದ್ದರೆ ತಡೆಯುತ್ತಿದ್ದೆ. ಅವಳಿಗೆ ನನ್ನ ಮೇಲಿನ ಗೌರವ ಅಷ್ಟರಲ್ಲಿ ಕಡಿಮೆಯಾಗಿದ್ದು ಅವಳ ಪುಣ್ಯ.

ಇಂಥ ದೂರನ್ನು ಹೇಗೆ ವಿಚಾರಿಸಬೇಕೆಂದು ದೇಶದ ಅತ್ಯುನ್ನತ ನ್ಯಾಯಾಲಯ ತೊಂಬತ್ತೇಳರ ಆಗಸ್ಟಿನಲ್ಲೇ ಹೇಳಿದೆ. ಸಮಿತಿಗೆ ಹೆಣ್ಣುಮಗಳೇ ಅಧ್ಯಕ್ಷೆಯಾಗಿರಬೇಕು, ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ ಹೆಂಗಸರಿರಬೇಕು, ಹೊರಗಿನ ಸಂಸ್ಥೆಯವರೊಬ್ಬರಿರಬೇಕು. ನಿಮ್ಮ ಸಮಿತಿಯಲ್ಲಿ ನಾಲ್ವರಿದ್ದರು. ಮೂವರು ಗಂಡಸರು, ಒಬ್ಬರು ಹೆಂಗಸು. ಅಧ್ಯಕ್ಷರು ಗಂಡಸು. 'ತತ್ಸಮಾನ ದರ್ಜೆಯ ಮಹಿಳಾ ಅಧಿಕಾರಿ ಲಭ್ಯವಿಲ್ಲ' ಎಂದು ಟಿಪ್ಪಣಿ ಹಾಕಿದಿರಿ. ಹೇಗೆ ಲಭ್ಯವಾಗುತ್ತಾರೆ? ಆ ದರ್ಜೆಗೆ ಹೆಂಗಸರನ್ನು ನೀವು ಏರಿಸಿದ್ದರಲ್ಲವೇ? ಇದ್ದ ಆ ಒಬ್ಬ ಹೆಣ್ಣುಮಗಳು ಅಧ್ಯಕ್ಷರ ಕೈಕೆಳಗಿನ ಸಹಾಯಕಿ. ಇಡೀ ದಿನ ಅವರ ಬಾಯಿಂದ ಬಂದ ಪ್ರಶ್ನೆ ಒಂದೇ, ಯಾರಿಗಾದರೂ ಇನ್ನೊಂದು ಚಹಾ ಬೇಕೇ ಎಂದು.

ವಿಚಾರಣೆಯ ಹಿಂದಿನ ದಿನ ನಮ್ಮ ಕನ್ನಡ ಸಂಘದ ಕಾರ್ಯದರ್ಶಿ ಲಿಂಗರಾಜರು ಮನೆಗೆ ಬಂದಿದ್ದರು. ಬ್ಯಾಂಕಿನಲ್ಲಿರುವ, ಇರುವೆಯನ್ನೂ ನೋಯಿಸದ ಸಜ್ಜನರು. "ಅಮ್ಮಾ, ಊರು ಬಿಟ್ಟು ಊರಲ್ಲಿದೀವಿ. ಕನ್ನಡದವ್ರೇ ಕನ್ನಡದವ್ರ ಮೇಲೆ ಹೇಳಿದ್ರೆ ಇಲ್ಲಿಯವ್ರು ಆಡ್ಕೊಂಡು ನಗ್ತಾರೆ. ಹುಡುಗಿಗೆ ಮದುವೆ ಆಗ್ಬೇಕು, ಅದನ್ನೂ ಯೋಚ್ನೆ ಮಾಡಿ" ಎಂದರು. ಹೋಗುವಾಗ ರಾಜ್ಯೋತ್ಸವದ ಸ್ಮರಣ ಸಂಚಿಕೆ ಕೊಟ್ಟು ಹೋದರು. ಮೊದಲ ಪುಟದಲ್ಲಿ ಸಂಘದ ಅಧ್ಯಕ್ಷರಾದ ಸಾಹೇಬರು ದೀಪ ಹಚ್ಚುತ್ತಿದ್ದರು.

ಮಾರ್ಚ್ ತಿಂಗಳ ಒಂದು ಮಂಗಳವಾರ ಬೆಳಗಿನ ಗಾಡಿಗೆ ನಾವಿಬ್ಬರೂ ಅಹಮದಾಬಾದಿಗೆ ಬಂದೆವು. ಮೊದಲು ಅವಳನ್ನು ಕರೆದರು. ಎರಡು ಗಂಟೆಯ ಹೊತ್ತು. ಆಮೇಲೆ ನನ್ನನ್ನು ಕರೆದರು. ಅವಳು ಅಲ್ಲೇ ಮೂಲೆಯ ಕುರ್ಚಿಯಲ್ಲಿ ಕೂತಿದ್ದಳು. ಮೇಜಿನ ಮೇಲೆ ನೋಟಿಸ್ ಬೋರ್ಡಿನ ಆ ಫೋಟೊ ಇತ್ತು. ಪಕ್ಕದಲ್ಲಿ ಪ್ಲಾಸ್ಟಿಕ್ ಲಕೋಟೆಯಲ್ಲಿ ನಾನು ಆರಿಸಿದ ಕೆಂಪು ದಾರದ ರಾಖಿ. ಸಾಹೇಬರು ಅದನ್ನು ಏಳು ತಿಂಗಳು ಜೋಪಾನವಾಗಿಟ್ಟು ತಂದು ಒಪ್ಪಿಸಿದ್ದರು. ಯಾರಾದರೂ ತನ್ನನ್ನು ಕೆಡಿಸಲು ಬಂದವನಿಗೆ ರಾಖಿ ಕಟ್ಟುತ್ತಾರೆಯೇ, ನಗುತ್ತಾ ವಾಚು ಕಟ್ಟಿಸಿಕೊಳ್ಳುತ್ತಾರೆಯೇ ಎಂದು ಅಧ್ಯಕ್ಷರು ಅವಳನ್ನು ಆಗಲೇ ಕೇಳಿದ್ದರು. ಯಾರಾದರೂ ಒತ್ತಾಯಿಸಿದರೇ ಎಂದೂ ಕೇಳಿದ್ದರು. ಅದಕ್ಕೆ ಅವಳು ಕೊಟ್ಟ ಉತ್ತರವನ್ನು ನನಗೆ ಓದಿ ಹೇಳಿದರು: 'ಇಲ್ಲ. ನಾನೇ ಕಟ್ಟಿದೆ.'

ನನ್ನ ಹೆಸರು ಹೇಳಿರಲಿಲ್ಲ ಸ್ವಾಮಿ. ನನ್ನ ನಿವೃತ್ತಿಗೆ ಎರಡು ವರ್ಷವಿದೆ ಎಂದು ಆ ಹುಡುಗಿ ನೆನಪಿಟ್ಟುಕೊಂಡಿದ್ದಳು. ಅವಳ ಬೆನ್ನಿಗೆ ನಾನು ನಿಲ್ಲಬೇಕಾದಲ್ಲಿ ಅವಳು ನನಗೆ ಮರೆಯಾಗಿ ನಿಂತಿದ್ದಳು.

ಆಗ ನನಗೆ ಬಾಯಿ ಬಂತು. ಮಾಗಿದ ಮಾತು, ಬೆನ್ನಿನ ಧೂಳು, ಶನಿವಾರದ ಆಹ್ವಾನ, ಎಲ್ಲ ಹೇಳಿದೆ. ರಾಖಿ ತಂದವಳು ನಾನು, ಕಟ್ಟಿಸಿದವಳು ನಾನು, ಅದು ಭಯದಿಂದ ಕಟ್ಟಿದ್ದು ಎಂದು ಮೇಜು ಹಿಡಿದುಕೊಂಡು ಹೇಳಿದೆ. ಅಧ್ಯಕ್ಷರು ತಾಳ್ಮೆಯಿಂದ ಕೇಳಿ ಒಂದೇ ಪ್ರಶ್ನೆ ಹಾಕಿದರು. "ಇಷ್ಟೆಲ್ಲ ತಿಳಿದಿದ್ದ ನೀವು ವರ್ಷಕ್ಕೂ ಮೇಲೆ ಏನು ಮಾಡುತ್ತಿದ್ದಿರಿ ಬೆನ್?" ನ್ಯಾಯವಾದ ಪ್ರಶ್ನೆ. ಇಡೀ ವಿಚಾರಣೆಯಲ್ಲಿ ಕೇಳಿದ ನ್ಯಾಯವಾದ ಪ್ರಶ್ನೆ ಅದೊಂದೇ, ಅದನ್ನೂ ಸಾಹೇಬರನ್ನು ಬಿಟ್ಟು ನನಗೆ ಕೇಳಿದರು.

ಮೇ ತಿಂಗಳಲ್ಲಿ ನಿಮ್ಮ ಆದೇಶ ಬಂತು. 'ಉಭಯತ್ರರ ನಡುವೆ ಸೋದರ ಭಾವವಿದ್ದುದು ಛಾಯಾಚಿತ್ರದಿಂದ ಸ್ಪಷ್ಟ. ದೂರುದಾರರ ಪರವಾದ ಏಕೈಕ ಸಾಕ್ಷಿಯೇ ರಾಖಿ ಕಾರ್ಯಕ್ರಮವನ್ನು ಏರ್ಪಡಿಸಿದ್ದು, ಕಚೇರಿಯಲ್ಲಿ ಸೌಹಾರ್ದಯುತ ವಾತಾವರಣವಿದ್ದುದನ್ನು ತೋರಿಸುತ್ತದೆ. ದೂರುದಾರರು ಬೆಲೆಬಾಳುವ ಉಡುಗೊರೆ ಸ್ವೀಕರಿಸಿದ್ದಾರೆ.' ಆರೋಪ ಸಾಬೀತಾಗಿಲ್ಲ. ಸಾಹೇಬರ ಮನಸ್ಸು ನೊಂದಿರುವುದರಿಂದ ಬಡ್ತಿಯ ಮೇಲೆ ಅಹಮದಾಬಾದಿಗೆ ವರ್ಗ. ಅಲ್ಲಿನ ಬೋಪಾಲ್ ಬಡಾವಣೆಯ ಹೊಸ ಅಪಾರ್ಟ್‌ಮೆಂಟಿನ ಗೃಹಪ್ರವೇಶದ ಕಾರ್ಡು ನನಗೂ ಬಂತು. ಹುಡುಗಿಗೆ ಪ್ರೊಬೇಷನ್ ಇನ್ನೂ ಆರು ತಿಂಗಳು ಮುಂದಕ್ಕೆ, ಮತ್ತು 'ಆಡಳಿತದ ಹಿತದೃಷ್ಟಿಯಿಂದ' ಸೂರತ್ತಿನ ಉಧ್ನಾ ಶಾಖೆಗೆ ವರ್ಗ.

ತಾಯಿಯನ್ನು ಒಂಟಿಯಾಗಿ ಬಿಡುವಂತಿರಲಿಲ್ಲ. ದಿನಾ ಅಪ್‌ಡೌನ್ ಮಾಡಿದಳು. ಬೆಳಿಗ್ಗೆ ಐದೂವರೆಯ ಗಾಡಿ ಹಿಡಿದರೆ ಮನೆ ಸೇರುವುದು ರಾತ್ರಿ ಒಂಬತ್ತಕ್ಕೆ. ಪಾಸಿನ ಹೆಂಗಸರು ಬಟಾಣಿ ಸುಲಿಯುತ್ತಾ ಭಜನೆ ಹಾಡುವ ಬೋಗಿಯಲ್ಲಿ ಅವಳು ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡುತ್ತಿದ್ದಳಂತೆ. ಆದರೆ ಸುದ್ದಿ ಅವಳಿಗಿಂತ ಮೊದಲೇ ಉಧ್ನಾ ತಲುಪಿತ್ತು. ಅಲ್ಲಿನ ಗಂಡಸರು ಅವಳನ್ನು ಕಂಡಾಗ ಮುಂಗೈ ಮುಂದೆ ಚಾಚಿ, "ಬೆನ್, ನಮಗೂ ಒಂದು ರಾಖಡಿ?" ಎನ್ನುತ್ತಿದ್ದರು. ಏಳು ವಾರ ತಡೆದಳು. ಜುಲೈ ಕೊನೆಗೆ ರಾಜೀನಾಮೆ ಕೊಟ್ಟಳು.

ಕೊಟ್ಟ ಮರುದಿನ ನಮ್ಮ ಮನೆಗೆ ಬಂದಳು. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತು ವಾಚಿನ ಡಬ್ಬಿ ಕೊಟ್ಟಳು. "ಆಂಟಿ, ಇದು ಅವರಿಗೆ ವಾಪಸ್ ಕಳಿಸಿಬಿಡಿ," ಎಂದಳು. ಆಯಿತು ಎಂದೆ. ಕಾಫಿ ಕುಡಿ ಎಂದೆ. ಬೇಡ ಎಂದಳು. ಎರಡು ಮೆಟ್ಟಿಲು ಇಳಿದವಳು ತಿರುಗಿ ನಿಂತಳು. "ಆಂಟಿ, ನಾನು ಮಮ್ಮಿನ ಕೇಳಿದೆ. ಮಾಗಿದೀಯ ಅಂದ್ರೆ ಅವಳು ಹೇಳಿದ್ಳು. ನೀವು ಅವತ್ತೇ ಯಾಕೆ ಹೇಳ್ಲಿಲ್ಲ? ಹೇಳಿದ್ರೆ ನಾನು ನಗ್ತಾ ಇರ್ಲಿಲ್ಲ." ಸಿಟ್ಟಿನಿಂದ ಕೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಸುಮ್ಮನೆ ತಿಳಿದುಕೊಳ್ಳಲು ಕೇಳಿದಳು. ಆ ವಾಚು ಇನ್ನೂ ನ್ಯಾಯವಾಗಿ ಟಿಕ್ ಟಿಕ್ ಎನ್ನುತ್ತಾ ನನ್ನ ಬೀರುವಿನಲ್ಲಿದೆ. ನಿಮ್ಮ ಕಚೇರಿಯಲ್ಲಿ ಅದನ್ನು ಪಡೆದು ರಶೀದಿ ಕೊಡುವವರು ಯಾರೂ ಇಲ್ಲ.

ಈ ಪತ್ರದಿಂದ ಏನಾದರೂ ಆದೀತೆಂಬ ಭ್ರಮೆ ನನಗಿಲ್ಲ. ಸಾಹೇಬರನ್ನು ಸಮಿತಿಯಿಂದ ತೆಗೆಯಿರಿ ಎಂದು ಕೇಳಬೇಕು, ಕೇಳಿದ್ದೇನೆ. ತೆಗೆದರೆ ಅವರಂಥವರು ಇನ್ನೊಬ್ಬರು ಬರುತ್ತಾರೆ. ವಿಚಾರಣೆಯನ್ನು ನಿಯಮದಂತೆ ಮತ್ತೆ ನಡೆಸಿ ಎಂದೂ ಕೇಳಿದ್ದೇನೆ. ನಡೆಸಿದರೆ ಆ ಫೋಟೊ ಮತ್ತೆ ಮೇಜಿನ ಮೇಲೆ ಬರುತ್ತದೆ. ದೂರು ಕೊಡಿರೆಂದು ಸುತ್ತೋಲೆ ಹೊರಡಿಸುತ್ತೀರಿ. ನಮ್ಮ ಕಚೇರಿಯ ಹೆಣ್ಣುಮಕ್ಕಳು ಅದನ್ನು ಓದಿ, ಸಹಿ ಹಾಕಿ, ಮುಂದಿನ ಮೇಜಿಗೆ ದಾಟಿಸಿದರು. ಕೃಪಾಳಿಗೆ ಏನಾಯಿತೆಂದು ಎಲ್ಲರೂ ನೋಡಿದ್ದಾರೆ. ಇನ್ನು ಹತ್ತು ವರ್ಷ ನಿಮ್ಮ ಸಮಿತಿಗೆ ಒಂದೂ ದೂರು ಬರುವುದಿಲ್ಲ. ನಮ್ಮ ವಲಯದಲ್ಲಿ ಕಿರುಕುಳವೇ ಇಲ್ಲವೆಂದು ನೀವು ದೆಹಲಿಗೆ ವರದಿ ಕಳಿಸಬಹುದು. ಅದನ್ನು ಟೈಪು ಮಾಡುವವಳೂ ಯಾರೋ ಒಬ್ಬ ಹೆಣ್ಣುಮಗಳೇ ಆಗಿರುತ್ತಾಳೆ.

ಆದ್ದರಿಂದ ನಿಜವಾಗಿ ಒಂದೇ ಒಂದನ್ನು ಕೇಳುತ್ತೇನೆ, ಅದು ನಿಮ್ಮ ಕೈಲಾಗದ್ದೇನೂ ಅಲ್ಲ. ಕೃಪಾಳ ರಾಜೀನಾಮೆ ಇನ್ನೂ ಅಂಗೀಕಾರವಾಗಿಲ್ಲ. ನಿಯಮದ ಪ್ರಕಾರ ಆಗಸ್ಟ್ ಕೊನೆಯೊಳಗೆ ಸಿಬ್ಬಂದಿ ವಿಭಾಗದ ಮ್ಯಾನೇಜರು ಅದರ ಮೇಲೆ 'ಅಂಗೀಕರಿಸಿದೆ' ಎಂದು ಬರೆದು ಸಹಿ ಮಾಡಬೇಕು. ಆ ಮ್ಯಾನೇಜರು ಯಾರೆಂದು ಈಗ ನಿಮಗೂ ಗೊತ್ತು, ಇದನ್ನು ಓದಿ ಹೇಳುತ್ತಿರುವ ಕನ್ನಡಿಗರಿಗೂ ಗೊತ್ತು. ನಾಡಿದ್ದು ಗುರುವಾರ ರಾಖಿ ಹುಣ್ಣಿಮೆ. ಮಾಂಡವಿಯ ಅಂಗಡಿಗಳ ಮುಂದೆ ಕೆಂಪು ದಾರಗಳು ತೂಗುತ್ತಿವೆ, ನಾನು ಆ ರಸ್ತೆ ಬಿಟ್ಟು ಸುತ್ತು ಹಾಕಿ ಮನೆಗೆ ಹೋಗುತ್ತೇನೆ. ಅವಳಿಗೆ ಅಪ್ಪನ ಕುರ್ಚಿಯನ್ನು ಮರಳಿ ಕೊಡಿಸಿ ಎಂದು ಕೇಳುವ ಧೈರ್ಯ ನನಗಿಲ್ಲ, ಕೊಟ್ಟರೆ ಬಂದು ಕೂರುವ ಧೈರ್ಯ ಅವಳಲ್ಲಿ ಉಳಿದಿಲ್ಲ. ಆ ಕಾಗದಕ್ಕೆ ನೀವೇ ಸಹಿ ಮಾಡಿ. ಇಲ್ಲವೇ ಬಾಗಿಲು ಕಾಯುವ ಪಟ್ಟೇವಾಲನಿಂದ ಹೆಬ್ಬೆಟ್ಟು ಒತ್ತಿಸಿ. ಅವಳು ರಾಖಿ ಕಟ್ಟಿದ ಆ ಕೈ ಮಾತ್ರ ಅವಳ ರಾಜೀನಾಮೆಯನ್ನು ಮುಟ್ಟದಿರಲಿ.

ಇಂತಿ,
ಯಾರೂ ಹೆಸರಿಸದೆ ಬಿಟ್ಟ ಎರಡನೆಯ ಆರೋಪಿ,
ರಾಖಿ ಕೊಂಡು ತಂದ ಕಮಲಾಕ್ಷಿ
ಬರೋಡಾ, ೨೪ ಆಗಸ್ಟ್ ೧೯೯೯